ಏಳನೇ ಮಹಡಿಯ ಗೋಧಿ

ಹೊರಡುವ ಮೊದಲು

ನಮ್ಮ ಅವ್ವ ಫೋನಿನಲ್ಲಿ ಮಾತಾಡುವವಳಲ್ಲ. ರಿಸೀವರು ಕೈಗೆ ಕೊಟ್ಟರೆ "ಆರಾಮ ಇದ್ದೀರಿಲ್ಲೋ" ಎಂದು ವಾಪಸು ಕೊಟ್ಟುಬಿಡುತ್ತಾಳೆ. ಅಂಥವಳು ಕಳೆದ ಬೇಸಿಗೆಯಲ್ಲಿ ತಾನೇ ಸೊಸೆಯ ಕೈಯಿಂದ ಫೋನು ಇಸಿದುಕೊಂಡು ಹೇಳಿದಳು: "ಸರೋಜಿ, ಬರೋ ಮುಂದ ಒಂದು ಟಿಕೀಟು, ಹೋಗೋ ಮುಂದ ಎರಡು ಮಾಡಸು. ನಾ ನಿನ್ನ ಜೋಡಿ ಧಾರವಾಡಕ್ಕ ಬರ್ತೀನಿ. ಇಲ್ಲೆ ನನಗ ಕೂಡಲಿಕ್ಕೆ ಜಾಗಾ ಇಲ್ಲ."

ಜಾಗ ಇಲ್ಲದೇನಿಲ್ಲ. ನನ್ನ ತಮ್ಮ ವಸಂತ ಅಹಮದಾಬಾದಿನಲ್ಲಿ ಕೇಂದ್ರ ಸರಕಾರದ ಒಂದು ಸಂಶೋಧನಾ ಸಂಸ್ಥೆಯಲ್ಲಿದ್ದಾನೆ. ಅಪ್ಪ ತೀರಿಕೊಂಡಾಗಿನಿಂದ ಅವ್ವ ಅವನ ಹತ್ತಿರವೇ ಇದ್ದಾಳೆ. ಮೊದಲು ಅವರಿದ್ದದ್ದು ಕ್ವಾರ್ಟರ್ಸಿನ ನೆಲಮನೆ. ಬಾಗಿಲ ಮುಂದಿನ ಕಟ್ಟೆಯ ಮೇಲೆ ಅವ್ವ ಬೆಳಿಗ್ಗೆ ಕೂತರೆ ಊಟಕ್ಕೇ ಏಳುತ್ತಿದ್ದಳು. ಸ್ವಂತ ಮನೆ ಮಾಡಬೇಕೆಂಬ ಹುಕಿ ಹತ್ತಿ ವಸಂತ ಆ ಕ್ವಾರ್ಟರ್ಸು ಬಿಟ್ಟು ಬೋಡಕ್‌ದೇವ್ ಎಂಬ ಹೊಸ ಬಡಾವಣೆಯಲ್ಲಿ ಏಳನೇ ಮಹಡಿಯ ಒಂದು ಫ್ಲ್ಯಾಟು ಬಾಡಿಗೆಗೆ ಹಿಡಿದಿದ್ದ. ಮೊದಲು ಇದ್ದು ನೋಡುವುದು, ಸರಿಹೋದರೆ ಅದನ್ನೇ ಕೊಳ್ಳುವುದು. ಮಾಲೀಕ ಬೇಸಿಗೆ ಮುಗಿಯುವುದರೊಳಗೆ ಉತ್ತರ ಕೇಳಿದ್ದ. ಇದು ಬೇಡವಾದರೆ ಹೈವೇ ದಾಟಿ ಹೊಲಗಳ ನಡುವೆ ಏಳುತ್ತಿರುವ ಸಾಲುಮನೆ ಇತ್ತು. ಅದಕ್ಕೆ ಅಲ್ಲಿಯವರು ಟೆನಮೆಂಟ್ ಎನ್ನುತ್ತಾರೆ. ಅಂಗಳ, ಒಂದು ಗಿಡ, ಸ್ವಂತ ಗೇಟು.

ವಸಂತನ ಹೆಂಡತಿ ಶೈಲಾಗೆ ಫ್ಲ್ಯಾಟು ಬೇಕು. ಅವಳು ಪಾಠ ಹೇಳುವ ಶಾಲೆ ಅಲ್ಲಿಂದ ನಡೆದು ಹೋಗುವಷ್ಟು ಹತ್ತಿರ. ವಸಂತನಿಗೆ ಅಂಗಳ ಬೇಕು. ಅವ್ವನಿಗೆ ಎರಡೂ ಬೇಡ, ಧಾರವಾಡ ಬೇಕು. ಇನ್ನು ನನ್ನ ಸೋದರಸೊಸೆ ಪಲ್ಲವಿ. ಅವಳು ಅಪ್ಪನ ಜೊತೆ ಇಂಗ್ಲಿಷು, ಗೆಳತಿಯರ ಜೊತೆ ಗುಜರಾತಿ ಆಡುತ್ತಾಳೆ. ಹರಕೋ ಮುರಕೋ, ಕನ್ನಡವೆಂದು ಆಡುವುದು ಅಜ್ಜಿಯ ಜೊತೆ ಮಾತ್ರ. "ಅಕ್ಕಾ, ಅವ್ವ ಹ್ವಾದ್ರ ಈ ಹುಡಿಗಿ ಕನ್ನಡ ಅಲ್ಲಿಗೇ ಮುಗೀತು" ಎಂದು ವಸಂತ ಹೇಳಿದಾಗ ಅವನ ದನಿ ಸಣ್ಣಗಾಗಿತ್ತು. ದಾರಿಯಲ್ಲಿ ಸೂರತ್ತಿನಲ್ಲೂ ಬರೋಡಾದಲ್ಲೂ ಇಳಿದು, ನೆಲದ ಮನೆಯಲ್ಲಿರುವ ನಮ್ಮವರು ಹೇಗಿದ್ದಾರೆ ನೋಡಿಕೊಂಡು ಬಾ, ಆಮೇಲೆ ನೀನು ಹೇಳಿದ ಹಾಗೆ ಎಂದ.

ಹೇಳುವುದೇನು ಬಂತು, ನನ್ನ ತೀರ್ಪು ಆಗಲೇ ಸಿದ್ಧವಿತ್ತು. ನಾನು ಧಾರವಾಡದಲ್ಲಿ ಶಾಲಾ ಶಿಕ್ಷಕಿ. ನನ್ನದು ಹಿತ್ತಿಲಿರುವ ಮನೆ, ಹಿತ್ತಿಲಲ್ಲಿ ಕರಿಬೇವು, ಕರಿಬೇವಿನ ಬುಡಕ್ಕೆ ಬಚ್ಚಲ ನೀರು. ಪಾರಿವಾಳದ ಹಾಗೆ ಗೂಡಿನ ಮೇಲೆ ಗೂಡು ಕಟ್ಟಿಕೊಂಡು ಬದುಕುವವರನ್ನು ಕಂಡರೆ ನನಗೆ ಮೊದಲಿಂದಲೂ ಅಯ್ಯೋ ಪಾಪ. ಸಾಕ್ಷಿ ಕೂಡಿಸಿಕೊಂಡು ಬರೋಣವೆಂದು ರಜೆ ಶುರುವಾದದ್ದೇ ರೈಲು ಹತ್ತಿದೆ.

ಸೂರತ್

ಸೂರತ್ ಸ್ಟೇಶನ್ನಿನಲ್ಲಿ ನನ್ನನ್ನು ಕರೆದೊಯ್ಯಲು ಗೆಳತಿ ಕಳಿಸಿದ್ದ ಡ್ರೈವರು ನನ್ನ ಹೆಸರು ಬರೆದ ಹಲಗೆ ಹಿಡಿದುಕೊಂಡು ನಿಂತಿದ್ದ. ಹೆಸರಿದ್ದದ್ದು ಗುಜರಾತಿಯಲ್ಲಿ. ಆ ಹಲಗೆಯ ಕೆಳಗೇ, ಅದರ ನೆರಳಿನಲ್ಲೇ ಟ್ರಂಕು ಇಟ್ಟುಕೊಂಡು ಕೂತು, "ಇಷ್ಟು ಹೊತ್ತಾದರೂ ಯಾರೂ ಬರಲಿಲ್ಲವಲ್ಲ" ಎಂದು ನಾನು ಮನಸ್ಸಿನಲ್ಲೇ ಎಲ್ಲರನ್ನೂ ಬೈಯುತ್ತಿದ್ದೆ. ಪ್ಲಾಟ್‌ಫಾರ್ಮು ಖಾಲಿಯಾಗಿ ನಾವಿಬ್ಬರೇ ಉಳಿದ ಮೇಲೆ ಅವನಿಗೂ ಹೊಳೆಯಿತು, ನನಗೂ ಹೊಳೆಯಿತು.

ನನ್ನ ಶಾಲೆಯ ಗೆಳತಿ ಇಂದುಮತಿ ಇರುವುದು ಊರಿನ ಹೊರಗೆ ಹಜೀರಾದಲ್ಲಿ. ಅವಳ ಗಂಡ ಅಲ್ಲಿನ ಒಂದು ಕಾರಖಾನೆಯಲ್ಲಿದ್ದಾರೆ, ವಾಸ ಕಂಪನಿಯ ಕಾಲೋನಿಯಲ್ಲಿ. ಗೇಟು ದಾಟಿದೊಡನೆ ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ. ಗುಲ್‌ಮೊಹರಿನ ಸಾಲು, ಹಸಿರು ಹುಲ್ಲು, ಪ್ರತಿ ಮನೆಗೂ ಮುಂದೆ ಹಿಂದೆ ಅಂಗಳ. ಸೂರ್ಯ ನೆತ್ತಿಯ ಮೇಲೆ ಉರಿಯುತ್ತಿದ್ದರೂ ಹುಲ್ಲಿನ ಮೇಲೆ ಕಾರಂಜಿಯ ಹಾಗೆ ನೀರು ತಿರುಗುತ್ತಿತ್ತು.

"ಇಲ್ಲೆ ಕರೆಂಟ್ ಹೋಗೂದಂದ್ರ ಏನಂತ ನನ್ನ ಮಗಗ ಗೊತ್ತಿಲ್ಲ" ಎಂದಳು ಇಂದು.

"ನೀರು ಎಲ್ಲಿಂದ ಬರ್ತದ?" ಎಂದೆ.

"ಕಂಪನಿ ತರ್ತದ."

"ಅವರಿಗೆ ಎಲ್ಲಿಂದ?"

"ಬಿಡ ಮಾರಾಯ್ತಿ, ಯಾರ ಕೇಳ್ಯಾರ" ಎಂದು ನಕ್ಕಳು.

ಸಂಜೆ ಇಬ್ಬರೂ ತಿರುಗಾಡಲು ಹೋದೆವು. ಅಗಲವಾದ ಸ್ವಚ್ಛ ರಸ್ತೆ, ಆದರೆ ಒಂದು ನರಪಿಳ್ಳೆ ಇಲ್ಲ. ಸಾರಿಗೆ ಕೊತ್ತಂಬರಿ ಬೇಕಿತ್ತು, ಕಾಲೋನಿಯ ಅಂಗಡಿಯಲ್ಲಿ ಮುಗಿದಿತ್ತು. ಕೊತ್ತಂಬರಿಗಾಗಿ ಸೂರತ್ತಿಗೆ ಹೋಗುವ ಬಸ್ಸು ಮರುದಿನವೇ. ಕಾಲೋನಿಯ ತಂತಿಬೇಲಿಯ ಆಚೆಗೆ ಒಂದು ಹಳ್ಳಿ ಇದೆ. ಅಲ್ಲಿ ನಲ್ಲಿಯ ಮುಂದೆ ಹೆಂಗಸರು ಕೊಡ ಸಾಲುಹಚ್ಚಿ ಕೂತಿದ್ದರು. ಈಚೆಗೆ ನಮ್ಮ ಸೀರೆಯ ಅಂಚಿಗೆ ಹುಲ್ಲಿನ ಕಾರಂಜಿ ಹನಿ ಸಿಡಿಸುತ್ತಿತ್ತು. ನಾನು ಸೀರೆ ಎತ್ತಿಕೊಂಡು ನಡೆದೆ, ಇಂದು ಅತ್ತ ನೋಡಲಿಲ್ಲ.

ಹಿತ್ತಿಲ ಮಾವಿನ ಗಿಡ ತೋರಿಸುತ್ತ ಅವಳು ಹೇಳಿದಳು: "ಇದನ್ನ ನಾನ ಹಚ್ಚೀನಿ. ಈ ವರ್ಷ ಮೊದಲನೇ ಕಾಯಿ ಬಿಟ್ಟದ. ಇವರು ರಿಟಾಯರ್ ಆದ ಕೂಡ್ಲೆ ಬಿಟ್ಟು ಹೋಗಬೇಕು ನೋಡು." ಕಂಪನಿಯ ಮನೆಯ ಮಾತು ಬೇರೆ, ಸ್ವಂತದ ಮನೆಯಾದರೆ ಹೀಗಿರುವುದಿಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಬರೋಡಾದ ರೈಲು ಹತ್ತಿದೆ.

ವಡೋದರಾ

ಮಾಧವರಾಯರು ಒಂದು ಕಾಲಕ್ಕೆ ಧಾರವಾಡದಲ್ಲಿ ನಮ್ಮ ಓಣಿಯವರೇ. ಬ್ಯಾಂಕಿನವರು ವರ್ಗ ಮಾಡಿ ಮಾಡಿ ಕೊನೆಗೆ ಬರೋಡಾಕ್ಕೆ ತಂದು ಹಾಕಿದರು, ಅಲ್ಲೇ ಊರಾಚೆಗೆ ಮನೆ ಕಟ್ಟಿಸಿಕೊಂಡರು. ನನ್ನನ್ನು ಸ್ಟೇಶನ್ನಿನಿಂದ ಸ್ಕೂಟರಿನ ಮೇಲೆ ಕೂರಿಸಿಕೊಂಡು ಹೊರಟರು. ಊರು ಮುಗಿಯಿತು, ಸ್ಕೂಟರಿನ ಓಟ ಮುಗಿಯಲಿಲ್ಲ. ತಂಬಾಕಿನ ಹೊಲ ಬಂತು, ನಿವೇಶನದ ಕಲ್ಲು ನೆಟ್ಟ ಬಯಲು ಬಂತು, ಮತ್ತೆ ಹೊಲ ಬಂತು. ಅಲ್ಲಿ ಪೆಟ್ರೋಲು ತೀರಿ ಗಾಡಿ ನಿಂತಿತು. ರಾಯರು ಏನೂ ಗಾಬರಿಯಾಗದೆ ನನ್ನನ್ನು ಇಳಿಸಿ, ಹೊಟ್ಟೆನೋವಿನ ಕೂಸನ್ನು ಮಗ್ಗುಲಿಗೆ ಮಲಗಿಸಿದ ಹಾಗೆ ಸ್ಕೂಟರನ್ನು ಒರಗಿಸಿ, ಎತ್ತಿ, ಒದ್ದರು. ಅದು ಕೆಮ್ಮಿ ಎದ್ದಿತು.

"ಇದು ಭಾಳ ಸಲ ಆಗ್ತದೇನ್ರಿ?" ಎಂದೆ.

"ಮನಿಂದ ಎಲ್ಲಾನೂ ದೂರ ನೋಡ್ರಿ. ಹಾಲಿಗೊಂದು ಸಲ, ಬ್ಯಾಂಕಿಗೊಂದು ಸಲ, ಔಷಧಕ್ಕೊಂದು ಸಲ. ಗಾಡಿ ನಮಗಿಂತಾ ಹೆಚ್ಚು ಕುಡೀತದ" ಎಂದರು.

ಮನೆ ಚೆಂದವಿತ್ತು, ಒಪ್ಪುತ್ತೇನೆ. ಪಡಸಾಲೆಯಲ್ಲಿ ಗುಜರಾತಿಗಳ ಮನೆಯಲ್ಲಿರುವಂಥ ದೊಡ್ಡ ಹಿತ್ತಾಳೆ ಸರಪಳಿಯ ಜೋಕಾಲಿ, ಅಂಗಳದಲ್ಲಿ ಪೇರಲ ಗಿಡ, ಗಿಡದ ತುಂಬ ಗಿಳಿ. ನಾನು ಜೋಕಾಲಿಯ ಮೇಲೆ ಕೂತು, ಅವ್ವನನ್ನು ಅಲ್ಲಿ ಕೂರಿಸಿ ನೋಡಿದೆ ಮನಸ್ಸಿನಲ್ಲಿ. ಒಪ್ಪಿತು. ಅಷ್ಟರಲ್ಲಿ ಗೇಟಿನ ಹತ್ತಿರ ನೀರಿನ ಟ್ಯಾಂಕರು ಬಂದು ಕೂಗಿತು. ರಾಯರ ಹೆಂಡತಿ ವಿಮಲಾಬಾಯಿ ಪೈಪು ಹಿಡಿದುಕೊಂಡು ಓಡಿದರು.

"ಬೋರು ಇಲ್ಲೇನ್ರಿ?"

"ಅದ. ಎಡಗಡೆಯವರು ತಮ್ಮ ಬೋರು ಆಳ ಮಾಡಸಿದ್ರು, ನಮ್ಮದು ಬತ್ತಿತು. ನಾವು ಆಳ ಮಾಡಸಿದ್ವಿ, ಬಲಗಡೆಯವರದು ಬತ್ತಿತು. ಈಗ ಮೂರೂ ಮನಿಗೆ ಟ್ಯಾಂಕರು. ಮೂರೂ ಮನಿಗೆ ಮಾತಿಲ್ಲ" ಎಂದು ವಿಮಲಾಬಾಯಿ ಪೈಪು ಸುತ್ತುತ್ತ ಹೇಳಿದರು.

ಮಧ್ಯಾಹ್ನ ರಾಯರು ಬ್ಯಾಂಕಿಗೆ ಹೋದ ಮೇಲೆ ನಾವಿಬ್ಬರೂ ಜೋಕಾಲಿಯಲ್ಲಿ ಕೂತೆವು. ಬಹಳ ಹೊತ್ತು ಸರಪಳಿಯ ಕಿರ್ ಕಿರ್ ಬಿಟ್ಟರೆ ಬೇರೆ ಸದ್ದಿಲ್ಲ. ನಾನು ಹೊರಡುತ್ತೇನೆಂದಾಗ ಅವರು ನನ್ನ ಕೈ ಬಿಡಲಿಲ್ಲ. "ಇನ್ನೊಂದು ದಿನ ಇರ್ರಿ ಸರೋಜಾಬಾಯಿ. ಇವರು ಸಂಜೀಕ ಬರೂತನಾ ನಾ ಯಾರ ಜೋಡಿ ಮಾತಾಡಲಿ ಹೇಳ್ರಿ. ನೆಲಾ ಅದ, ನೆಲದ ಮ್ಯಾಲೆ ಮಂದಿ ಇಲ್ಲ" ಎಂದರು. ಕಣ್ಣಲ್ಲಿ ನೀರು ಬಂದಿತ್ತು. ನಾನು ಇನ್ನೊಂದು ದಿನ ಇದ್ದೆ. ನನ್ನ ಸಾಕ್ಷಿಗಳೆಲ್ಲ ನನಗೇ ತಿರುಗಿಬೀಳುತ್ತಿದ್ದಾವಲ್ಲ ಎಂದು ಸಿಟ್ಟೂ ಬಂದಿತ್ತು.

ಅಹಮದಾಬಾದ್

ಬೋಡಕ್‌ದೇವ್ ಇನ್ನೂ ಪೂರ್ತಿ ಊರಾಗಿರಲಿಲ್ಲ. ಹೊಸ ಕಟ್ಟಡ, ಪಕ್ಕದ ಖಾಲಿ ಜಾಗದಲ್ಲಿ ಎಮ್ಮೆ, ಮತ್ತೊಂದು ಹೊಸ ಕಟ್ಟಡ. ವಸಂತನ ಕಟ್ಟಡದ ಲಿಫ್ಟಿಗೆ ಕಬ್ಬಿಣದ ಜಾಲರಿಯ ಬಾಗಿಲು. ಮಹಡಿಗಳು ಒಂದೊಂದಾಗಿ ಕಾಲ ಕೆಳಗೆ ಇಳಿದುಹೋಗುವುದು ಕಾಣಿಸುತ್ತದೆ. ನಾನು ಕಣ್ಣು ಮುಚ್ಚಿಕೊಂಡೆ. ಏಳನೆಯದೇ ಕೊನೆಯ ಮಹಡಿ, ಮೇಲೆ ತಾರಸಿ.

ಅವ್ವ ಬಾಲ್ಕನಿಗೆ ಬೆನ್ನು ಹಾಕಿ ಕುರ್ಚಿಯ ಮೇಲೆ ಕೂತಿದ್ದಳು. ಮೊಣಕಾಲಿನ ನೋವಿಗೆ ಮೆಟ್ಟಿಲು ಇಳಿಯಲಾರಳು, ಲಿಫ್ಟಿನಲ್ಲಿ ಒಬ್ಬಳೇ ಹೋಗಲಾರಳು. "ಕೆಳಗ ನೋಡಿದ್ರ ತಲಿ ತಿರಗತದ. ಎದರಿಗೆ ನೋಡಿದ್ರ ಬರೇ ಬಿಸಲು. ಮಂದಿ ಮಾರಿ ಕಾಣೂದಿಲ್ಲ, ಬರೇ ನೆತ್ತಿ ಕಾಣ್ತದ" ಎಂದಳು. ಮಾತು ಕಮ್ಮಿಯಾಗಿತ್ತು, ಮೈಯೂ ಇಳಿದಿತ್ತು. ನನಗೆ ಸಂಕಟವಾಯಿತು.

ಎದುರು ಮನೆಯ ಬಾಗಿಲು ಮಾತ್ರ ದಿನವಿಡೀ ಹಾರುಹೊಡೆದುಕೊಂಡೇ ಇರುತ್ತಿತ್ತು. ಆ ಮನೆಯ ಕೋಕಿಲಾಬೆನ್ ನನ್ನ ವಯಸ್ಸಿನವರು, ಗುಂಡಗೆ, ನಗುಮುಖ. ಅವ್ವನನ್ನು ಕಂಡರೆ "ಬಾ" ಎಂದು ಕರೆಯುತ್ತಿದ್ದರು. ಅವರ ಭಾಷೆಯಲ್ಲಿ ಅದು ತಾಯಿಗೆ ಹೇಳುವ ಮಾತು. ಮುಂದಿನ ಮಾತು ತಿಳಿಯದೆ ಅವ್ವ ನಕ್ಕು ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಭಾನುವಾರ ಎಲ್ಲರೂ ಆ ಸಾಲುಮನೆ ನೋಡಲು ಹೋದೆವು. ಬೇವಿನ ಗಿಡದ ನೆರಳಿತ್ತು. ವಸಂತ ಗೇಣು ಹಾಕಿ ತುಳಸಿಕಟ್ಟೆಯ ಜಾಗ ಅಳೆಯುತ್ತಿದ್ದ. ಶೈಲಾ ಸುಮ್ಮನೆ ರಸ್ತೆ ನೋಡುತ್ತಿದ್ದಳು, ಅಲ್ಲಿಗೆ ಬಸ್ಸಿರಲಿಲ್ಲ. ನನಗೆ ವಿಮಲಾಬಾಯಿಯ ಜೋಕಾಲಿಯ ಸದ್ದು ಕಿವಿಯಲ್ಲೇ ಇತ್ತು. ಅವ್ವ ಆಟೋದಿಂದ ಇಳಿಯಲೇ ಇಲ್ಲ.

"ಅವ್ವಾ, ನೀ ಇರೋ ಮನಿ. ಒಂದ ಸಲ ಇಳದು ನೋಡಬಾರದ?" ಎಂದು ವಸಂತ ಆಟೋದ ಹತ್ತಿರ ಬಂದು ಕೇಳಿದ.

"ನಾ ಇಲ್ಲೆ ಇರೂದಿಲ್ಲಲ್ಲೋ, ಸರೋಜಿ ಜೋಡಿ ಹೊಂಟೀನಿ. ನಾ ಯಾಕ ನೋಡ್ಲಿ?"

ಪಲ್ಲವಿ ಅಜ್ಜಿಯ ಪಕ್ಕಕ್ಕೆ ಹತ್ತಿ ಕೂತು ಅವಳ ಸೆರಗಿನ ತುದಿ ಬೆರಳಿಗೆ ಸುತ್ತಿಕೊಂಡಳು.

ತಾರಸಿ

ನಾವು ಮನೆ ನೋಡಲು ಹೋಗಿದ್ದ ಹೊತ್ತಿನಲ್ಲಿ ಕೋಕಿಲಾಬೆನ್ನರ ಮನೆಗೆ ವರ್ಷದ ಗೋಧಿ ಬಂದಿತ್ತು. ಅಲ್ಲಿಯವರು ಬೇಸಿಗೆಯಲ್ಲಿ ಇಡೀ ವರ್ಷಕ್ಕಾಗುವಷ್ಟು ಗೋಧಿ ಒಮ್ಮೆಗೇ ಕೊಂಡು ಹಸನು ಮಾಡಿ ಡ್ರಮ್ಮಿನಲ್ಲಿ ತುಂಬಿಡುತ್ತಾರೆ. ಮರುದಿನ ಬೆಳಿಗ್ಗೆ ಕೋಕಿಲಾಬೆನ್ ಹಳೇ ಊರಿನ ತವರುಮನೆಗೆ ಹೊರಟವರು ನಮ್ಮ ಬಾಗಿಲು ಬಡಿದು, ಮೇಲಕ್ಕೆ ಕೈ ತೋರಿಸಿ, ಕಣ್ಣು ತೋರಿಸಿ, ರೆಕ್ಕೆ ಬಡಿದು ಏನೋ ಹೇಳಿದರು. ತಾರಸಿಯ ಮೇಲೆ ಕಾಳು ಹರವಿದೆ, ಪಾರಿವಾಳ ಬಾರದಂತೆ ನೋಡಿಕೊಳ್ಳಿ ಎಂದು ತಿಳಿಯಿತು. ಅವ್ವ ತಲೆಯಾಡಿಸಿದಳು. ಅಲ್ಲಿ ಶಾಲೆಗೆ ಇನ್ನೂ ರಜೆ ಬಿದ್ದಿರಲಿಲ್ಲ, ವಸಂತ, ಶೈಲಾ, ಪಲ್ಲವಿ ಆಗಲೇ ಹೊರಗೆ ಹೋಗಿದ್ದರು.

ಹೊಣೆ ಒಪ್ಪಿಸಿಹೋದರೆ ಬಿಡುವ ಜೀವ ಅಲ್ಲ ನಮ್ಮ ಅವ್ವ. ನನ್ನ ಭುಜ ಹಿಡಿದು, ನಡುವೆ ಕೂತು, ಎದ್ದು, ತಾರಸಿಯ ಮೆಟ್ಟಿಲು ಹತ್ತಿಯೇಬಿಟ್ಟಳು. ನೀರಿನ ಟಾಕಿಯ ನೆರಳಲ್ಲಿ ಹಾಸಿದ ಚಾದರದ ಮೇಲೆ ಹೊಂಬಣ್ಣದ ಗೋಧಿ. ಅವ್ವ ಒಂದು ಹಿಡಿ ತೆಗೆದು ಉಜ್ಜಿದಳು, ಮೂಗಿಗೆ ಹಿಡಿದಳು, ನನ್ನ ಮುಖ ನೋಡಿದಳು.

"ಔಡಲೆಣ್ಣಿ" ಎಂದಳು. "ಯಾರೋ ಎಣ್ಣಿ ಚೆಲ್ಲಿಬಿಟ್ಟಾರ ನೋಡು. ಇಡೀ ಚೀಲದ ಕಾಳು ಜಿಡ್ಡಾಗ್ಯಾವ."

ನಾನೂ ಮುಟ್ಟಿ ನೋಡಿದೆ. ಹೌದು, ಒಂದೊಂದು ಕಾಳಿಗೂ ಹರಳೆಣ್ಣೆಯ ಜಿಡ್ಡು. ನಮ್ಮ ಕಡೆ ಕಾಳಿಗೆ ಬೇವಿನ ಎಲೆ ಹಾಕುತ್ತಾರೆ, ಬೂದಿ ಹಾಕುತ್ತಾರೆ. ಎಣ್ಣೆ ಹಚ್ಚಿದ್ದನ್ನು ಯಾರು ಕಂಡಿದ್ದಾರೆ?

"ಪಾಪ, ಆಕಿ ಸಂಜೀಕ ಬಂದು ನೋಡಿದ್ರ ಎದಿ ಒಡಕೋತಾಳ. ಬಕೀಟು ತಾ. ಹಂಗ ಕಡ್ಲಿಹಿಟ್ಟಿನ ಡಬ್ಬಿ ತೊಗೊಂಬಾ."

"ಕಡ್ಲಿಹಿಟ್ಟು ಯಾಕವ್ವಾ?"

"ದೀಪಾವಳ್ಯಾಗ ಮೈಯಾನ ಎಣ್ಣಿ ಎದರಿಂದ ತೊಳೀತಿ ನೀನು?"

ಇಷ್ಟು ದಿನಗಳಲ್ಲಿ ಅವ್ವನ ಬಾಯಿಂದ ಹುಕುಂ ಹೊರಟದ್ದು ಅದೇ ಮೊದಲು. ನನಗೆ ಖುಷಿಯೋ ಖುಷಿ. ಓಡಿ ಹೋಗಿ ತಂದೆ. ಟಾಕಿಯ ಬುಡದಲ್ಲೇ ಒಂದು ನಲ್ಲಿ ಇತ್ತು. ಬಕೀಟಿಗೆ ಗೋಧಿ ಸುರಿದು, ಕಡಲೆಹಿಟ್ಟು ಹಾಕಿ ಉಜ್ಜಿ, ನೀರು ಬಿಟ್ಟು ಗಾಳಿಸಿ, ಚೆಲ್ಲಿ, ಮತ್ತೆ ನೀರು ಬಿಟ್ಟೆವು. ಹರಳೆಣ್ಣೆ ಅಷ್ಟು ಸುಲಭಕ್ಕೆ ಬಿಡುವ ಪೈಕಿ ಅಲ್ಲ. ಅವ್ವ ಟಾಕಿಗೆ ಒರಗಿ ಕೂತು "ಇನ್ನೊಂದು ನೀರು, ಇನ್ನೊಂದು ನೀರು" ಎನ್ನುತ್ತಿದ್ದಳು. ಕಡಲೆಹಿಟ್ಟಿನ ಹಳದಿ ನೀರು ತಾರಸಿಯ ತೂಬಿನಿಂದ ಧೋ ಎಂದು ಕೆಳಗೆ, ಯಾರದೋ ಸ್ಕೂಟರಿನ ಸೀಟಿನ ಮೇಲೆ ಬೀಳುತ್ತಿತ್ತು. ಅದು ನಮಗೆ ಆಮೇಲೆ ತಿಳಿಯಿತು.

ಕೊನೆಯ ಬಕೀಟಿಗೆ ನಲ್ಲಿ ತಿರುವಿದರೆ ಸೊಂಯ್ ಎಂದಿತು, ಅಷ್ಟೇ. ನೀರಿಲ್ಲ. ಹೋಗಲಿ, ತೊಳೆದಾಯಿತಲ್ಲ ಎಂದು ಗೋಧಿಯನ್ನು ಬಿಸಿಲಿಗೆ ಹರವಿ ಇಬ್ಬರೂ ಬೆವರು ಒರೆಸಿಕೊಂಡು ಕೂತೆವು. ಅವ್ವನ ಮುಖ ಕೆಂಪಗಾಗಿ ಹತ್ತು ವರ್ಷ ಹಿಂದಿನ ಹಾಗೆ ಕಾಣುತ್ತಿತ್ತು.

ಕೆಳಗೆ ಒಂದೊಂದೇ ಮನೆಯ ನಲ್ಲಿ ಬತ್ತಿತು. ಒಂದೇ ಟಾಕಿ ಎಲ್ಲ ಮನೆಗೂ ನೀರು ಕೊಡುವುದು ಎಂದು ನಮಗೆ ಹೊಳೆದಿದ್ದರೆ ತಾನೇ? ಒಬ್ಬರ ಸ್ನಾನ ಅರ್ಧಕ್ಕೆ ನಿಂತಿತ್ತು, ಒಬ್ಬರ ಅಕ್ಕಿ ಪಾತ್ರೆಯಲ್ಲೇ ಇತ್ತು. ಪಂಪು ಹಾಕೋಣವೆಂದರೆ ಅದೇ ಹೊತ್ತಿಗೆ ಕರೆಂಟೂ ಹೋಯಿತು. ಕರೆಂಟಿನ ಜೊತೆ ಲಿಫ್ಟು. ಮೆಟ್ಟಿಲ ಮೇಲೆ ದಬದಬ ಸದ್ದು ಕೇಳಿ ನಾನು ಎದ್ದು ನಿಂತೆ. ಕಟ್ಟಡದ ಸೆಕ್ರೆಟರಿ ರಸಿಕ್‌ಭಾಯಿ ಏದುಸಿರು ಬಿಡುತ್ತ ಮೇಲೆ ಬಂದರು. ಟಾಕಿ ಒಡೆದಿದೆ ಎಂದುಕೊಂಡಿದ್ದರಂತೆ. ಹಿಂದೆ ಹೆಂಗಸರು, ಅವರ ಹಿಂದೆ ಶಾಲೆಯಿಂದ ಬಂದ ಪಲ್ಲವಿ, ಎಲ್ಲರ ಹಿಂದೆ ಕೈಯಲ್ಲಿ ತವರಿನ ಗಂಟು ಹಿಡಿದ ಕೋಕಿಲಾಬೆನ್.

ಎಲ್ಲರೂ ಗೋಧಿ ನೋಡಿದರು, ಬಕೀಟು ನೋಡಿದರು, ನಮ್ಮನ್ನು ನೋಡಿದರು.

ಪಲ್ಲವಿ ಗುಜರಾತಿಯಲ್ಲಿ ಏನೋ ಕೇಳಿಕೊಂಡು ಅಜ್ಜಿಯ ಹತ್ತಿರ ಬಂದಳು. "ಅಜ್ಜೀ, ಅದು ಎಣ್ಣಿ ಚೆಲ್ಲಿಲ್ಲ. ಕೋಕಿಲಾ ಆಂಟಿ ಬೇಕಂತನೇ ಹಾಕಿದ್ದು. ಎಣ್ಣಿ ಇದ್ರೆ ಹುಳಾ ಆಗಲ್ಲ, ಫುಲ್ ವರ್ಷ. ಎಲ್ಲಾರೂ ಹಾಕ್ತಾರೆ ಇಲ್ಲಿ."

ಅವ್ವನ ಕೆಂಪು ಮುಖ ಕಪ್ಪಿಟ್ಟಿತು. ನೀರು ಬಿದ್ದ ಗೋಧಿ ವರ್ಷ ಇಡಲು ಬರುವುದಿಲ್ಲವೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಕಷ್ಟಪಟ್ಟು ಎದ್ದು ಹೋಗಿ ಕೋಕಿಲಾಬೆನ್ನರ ಎರಡೂ ಕೈ ಹಿಡಿದುಕೊಂಡಳು. "ತಂಗೀ, ನಿನ್ನ ವರ್ಷದ ಅನ್ನಾ ಕೆಡಿಸಿಬಿಟ್ಟೆನಲ್ಲವಾ" ಎಂದಳು. ಅವ್ವ ಯಾರ ಮುಂದೂ ತಲೆ ತಗ್ಗಿಸಿದ್ದನ್ನು ನಾನು ನೋಡಿರಲಿಲ್ಲ. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು, ಬಿಡಬೇಕಾದರೂ ಭೂಮಿ ಏಳು ಮಹಡಿ ಕೆಳಗಿತ್ತು.

ಕೋಕಿಲಾಬೆನ್ ಒಂದು ಹಿಡಿ ಗೋಧಿ ಮೂಸಿ ನೋಡಿ ಪಲ್ಲವಿಯನ್ನು ಏನೋ ಕೇಳಿದರು. ಕಡಲೆಹಿಟ್ಟು ಯಾಕೆ ಅಂತ. ಪಲ್ಲವಿ ನನ್ನನ್ನು ಕೇಳಿದಳು, ನಾನು ದೀಪಾವಳಿಯ ಮಾತು ಹೇಳಿದೆ, ಅವಳು ಗುಜರಾತಿಯಲ್ಲಿ ಹೇಳಿದಳು: ಅಜ್ಜಿ ನಿಮ್ಮ ಗೋಧಿಗೆ ದೀಪಾವಳಿ ಸ್ನಾನ ಮಾಡಿಸಿದ್ದಾಳೆ.

ಕೋಕಿಲಾಬೆನ್ ಹೊಟ್ಟೆ ಹಿಡಿದುಕೊಂಡು ಅಲ್ಲೇ ಚಾದರದ ಅಂಚಿಗೆ ಕೂತುಬಿಟ್ಟರು. ನಗು ಹೆಂಗಸರ ಮೇಲೆ ಹರಡಿ, ಕೊನೆಗೆ ರಸಿಕ್‌ಭಾಯಿಯ ಮೀಸೆಗೂ ಬಂತು. "ಕಂಈ ವಾಂಧೋ ನಹೀ, ಬಾ, ಕಂಈ ವಾಂಧೋ ನಹೀ" ಎಂದು ಕೋಕಿಲಾಬೆನ್ ಕಣ್ಣೊರೆಸಿಕೊಳ್ಳುತ್ತ ಅವ್ವನ ಬೆನ್ನು ಸವರಿದರು. ಪರವಾಗಿಲ್ಲ ಎಂಬ ಮಾತಿಗೆ ಯಾರೂ ಅರ್ಥ ಹೇಳಬೇಕಾಗಲಿಲ್ಲ.

ಮೆಟ್ಟಿಲು

ಕರೆಂಟು ಸಂಜೆಗೆ ಮುನ್ನ ಬರುವ ಲಕ್ಷಣ ಇರಲಿಲ್ಲ. ಕಟ್ಟಡದ ಬುಡದಲ್ಲಿ ನೆಲದೊಳಗೆ ಇನ್ನೊಂದು ಟಾಕಿ ಇದೆ. ರಸಿಕ್‌ಭಾಯಿ ಅದರ ಮುಚ್ಚಳ ತೆಗೆಸಿ ಹಗ್ಗ ಕಟ್ಟಿ ಬಕೀಟು ಇಳಿಬಿಟ್ಟರು. ಕೆಳಗಿನಿಂದ ಮೇಲಿನವರೆಗೆ ಮೆಟ್ಟಿಲ ಮೇಲೆ ಜನ ಸಾಲಾಗಿ ನಿಂತು ಕೊಡ, ತಪ್ಪಲೆ, ಕುಕ್ಕರು, ಕೈಗೆ ಸಿಕ್ಕಿದ್ದರಲ್ಲಿ ನೀರು ದಾಟಿಸತೊಡಗಿದರು. ನಾನು ಆರನೇ ಮಹಡಿಯಲ್ಲಿ ನಿಂತೆ, ನನ್ನ ಕಾಲು ಕಿತ್ತುಬಂದರೂ ಬಾಯಿ ತೆರೆಯಲಿಲ್ಲ. ಯಾವ ಮುಖ ಇಟ್ಟುಕೊಂಡು ತೆರೆಯಲಿ?

ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ನಿಲ್ಲಲಾರಳು, ಆದ್ದರಿಂದ ನಮ್ಮ ಮನೆಯ ಮುಂದೆ ಮೆಟ್ಟಿಲಿನ ಮೇಲೇ ಕೂರಿಸಿದೆವು. ಬಂದ ತಪ್ಪಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅಳೆದು, ಈ ಮನೆಗೆ, ಆ ಮನೆಗೆ ಎಂದು ಹಂಚುವ ಕೆಲಸ ಅವಳದು. ತಪ್ಪಲೆ ತರುವವರು, ಖಾಲಿ ಒಯ್ಯುವವರು, ಗೋಧಿ ನೋಡಲು ತಾರಸಿಗೆ ಹೋಗುವವರು ಎಲ್ಲರೂ ಅವಳನ್ನು ದಾಟಿಯೇ ಹೋಗಬೇಕು. ದಾಟಿದವರೆಲ್ಲ "ಬಾ" ಎಂದರು. ಅವ್ವ ಒಬ್ಬೊಬ್ಬರ ಮುಖ ನೋಡಿದಳು. ಪಲ್ಲವಿ ಪಕ್ಕದಲ್ಲಿ ಕೂತು ಅವರ ಹೆಸರು, ಅವರ ಮನೆ, ಅವರ ಮಕ್ಕಳು ಎಲ್ಲ ಹೇಳುತ್ತಿದ್ದಳು, ಕನ್ನಡದಲ್ಲಿ. ಅಷ್ಟು ಕನ್ನಡ ಆ ಹುಡುಗಿ ಒಂದೇ ಸಲಕ್ಕೆ ಆಡಿದ್ದನ್ನು ಶೈಲಾ ಕೂಡ ಕೇಳಿರಲಿಲ್ಲವಂತೆ.

ಕರೆಂಟು ಬಂದು ಎಲ್ಲರೂ ಒಳಗೆ ಹೋದ ಮೇಲೂ ಅವ್ವ ಅಲ್ಲೇ ಕೂತಿದ್ದಳು. ನಾನು ಕೈ ಕೊಟ್ಟು ಎಬ್ಬಿಸಲು ಹೋದೆ. "ಇರು" ಎಂದಳು. "ಕಟ್ಟಿ ಇದ್ದಂಗ ಅದ ನೋಡು ಇದು. ತಂಪ ಅದ, ಗಾಳಿ ಬರ್ತದ."

ಗೋಧಿಯ ಕಥೆ ಹೀಗಾಯಿತು. ಅಹಮದಾಬಾದಿನ ಬಿಸಿಲು ಅದನ್ನು ಬೇಗ ಒಣಗಿಸಿತು, ಆದರೆ ಅದನ್ನು ತಿಂಗಳುಗಟ್ಟಲೆ ಇಡುವಂತಿರಲಿಲ್ಲ, ಬೇಗ ಬೀಸಿ ತಿನ್ನಬೇಕು. ಹೆಂಗಸರು ಒಬ್ಬೊಬ್ಬರಾಗಿ ಡಬ್ಬಿ ತಂದು ತೊಳೆದ ಗೋಧಿ ತುಂಬಿಕೊಂಡರು, ಅದರ ಬದಲಿಗೆ ತಮ್ಮ ಮನೆಯ ಎಣ್ಣೆ ಹಚ್ಚಿದ ಗೋಧಿಯನ್ನು ಅದೇ ಡಬ್ಬಿಯಲ್ಲಿ ಅಳೆದು ತಂದು ಕೋಕಿಲಾಬೆನ್ನರ ಡ್ರಮ್ಮಿಗೆ ಸುರಿದರು. ಆ ವಾರ ಇಡೀ ಕಟ್ಟಡ ಕಡಲೆಹಿಟ್ಟಿನ ವಾಸನೆಯ ಚಪಾತಿ ತಿಂದಿತು. ಯಾರೂ ದೂರಲಿಲ್ಲ, ನಮ್ಮ ಮುಂದಂತೂ ಇಲ್ಲ.

ಡ್ರಮ್ಮು ತುಂಬಿದ ದಿನ ಕೋಕಿಲಾಬೆನ್ ನಮ್ಮನ್ನು ಹಳೇ ಊರಿನ ತಮ್ಮ ತವರಿಗೆ ಕರೆದುಕೊಂಡು ಹೋದರು. ಗೋಡೆಗೆ ಗೋಡೆ ಹಚ್ಚಿಕೊಂಡ ಕಟ್ಟಿಗೆಯ ಮನೆಗಳ ಓಣಿ. ಅಂಗಳದ ಕಲ್ಲು ಸರಿಸಿ ಅವರ ಅಣ್ಣ ಕೆಳಗಿನ ಕತ್ತಲೆ ತೋರಿಸಿದರು. ಮಳೆಗಾಲದಲ್ಲಿ ಮಾಳಿಗೆಯ ನೀರು ಅಲ್ಲಿಗಿಳಿದು ನಿಲ್ಲುತ್ತದೆ, ಹಿಂದೆಲ್ಲ ವರ್ಷವಿಡೀ ಕುಡಿಯಲು ಅದೇ. ವರ್ಷದ ಗೋಧಿಯ ಹಾಗೆ ವರ್ಷದ ನೀರನ್ನೂ ತುಂಬಿಟ್ಟುಕೊಳ್ಳುತ್ತಿದ್ದ ಜನ. ನಮ್ಮ ಏಳು ಮಹಡಿಯ ತಾರಸಿಯ ಮೇಲೂ ಮಳೆ ಬೀಳುತ್ತದೆ. ಅದು ತೂಬಿನಿಂದ ಸ್ಕೂಟರುಗಳ ಮೇಲೆ ಬಿದ್ದು ಗಟಾರಕ್ಕೆ ಹೋಗುತ್ತದೆ. ಇದನ್ನು ನಾನು ರಸಿಕ್‌ಭಾಯಿಗೆ ಹೇಳಿಸಿದೆ. ಅವರು ತಲೆ ಕೆರೆದುಕೊಂಡು, ಮೀಟಿಂಗಿನಲ್ಲಿ ಇಡುತ್ತೇನೆ ಎಂದರು. ಇಟ್ಟರೋ ಇಲ್ಲವೋ ತಿಳಿಯದು.

ವಾಪಸು

ಏಳನೇ ಮಹಡಿಯ ಮನೆಯೇ ಸರಿ ಎಂದು ಸಾರಲು ನಾನಿನ್ನೂ ತಯಾರಿಲ್ಲ. ಒಂದು ತಂತಿ ಕಡಿದರೆ ನೀರಿಲ್ಲ, ಲಿಫ್ಟಿಲ್ಲ, ಮೊಣಕಾಲಿಲ್ಲದವರಿಗೆ ಊರೇ ಇಲ್ಲ. ಈ ಕಟ್ಟಡದ ಬೋರು ಕೂಡ ಅದೇ ಭೂಮಿಯಿಂದ ನೀರು ಎಳೆಯುವುದು, ಒಂದು ದಿನ ಅದೂ ಸೊಂಯ್ ಎನ್ನಬಹುದು. ಆದರೆ ಮಾಧವರಾಯರ ಸಾಲಿನಲ್ಲಿ ಮೂರು ಬೋರು, ಮೂರು ಟ್ಯಾಂಕರು, ಮೂರು ಮೌನ. ಇಂದುವಿನ ಕಾಲೋನಿಯಲ್ಲಿ ನೀರು ಎಲ್ಲಿಂದ ಬರುತ್ತದೆಂದು ಕೇಳುವವರಿಲ್ಲ. ಇಲ್ಲಿ ಒಬ್ಬ ಮುದುಕಿ ಒಂದು ಚೀಲ ಗೋಧಿ ತೊಳೆದರೆ ಒಂದು ತಾಸಿನೊಳಗೆ ಎಲ್ಲ ಮನೆಗೂ ಗೊತ್ತಾಯಿತು, ಎಲ್ಲರೂ ಮೆಟ್ಟಿಲಿಗೆ ಬಂದರು. ವಸಂತ ಅಭಿಪ್ರಾಯ ಕೇಳಿದಾಗ ನಾನು ಇಷ್ಟನ್ನೇ ಹೇಳಿದೆ. ಅವನು ನಕ್ಕು, "ನಿನ್ನ ಕರಿಬೇವಿನ ಗಿಡಾ ಎಲ್ಲಿ ಹೋತಕ್ಕಾ?" ಎಂದ. "ಅದು ಧಾರವಾಡದಾಗ ಅದ, ನೀ ನಿನ್ನದು ನೋಡ್ಕೋ" ಎಂದು ಗದರಿದೆ.

ಹೊರಡುವ ದಿನ ಬಂತು. ಅವ್ವನ ಟ್ರಂಕು ಶೈಲಾ ತುಂಬಿಟ್ಟಿದ್ದಳು. ಯಾರೂ ಅವ್ವನನ್ನು ಇರು ಎನ್ನಲಿಲ್ಲ. ಎಂದರೆ ಹಟಕ್ಕೆ ಹೊರಟುಬಿಡುವವಳು ಅವಳು. ಪಲ್ಲವಿ ಮಾತ್ರ ಬೆಳಗಿನಿಂದ ಆ ಟ್ರಂಕಿನ ಮೇಲ್ಗಡೆಯೇ ಕೂತಿದ್ದಳು. ಕಾಲು ಅಲ್ಲಾಡಿಸುತ್ತ. ಆಟೋ ಬಂದಿದೆ ಎಂದು ವಸಂತ ಕೆಳಗಿನಿಂದ ಕೂಗಿದ. ನಾನು ಅವ್ವನನ್ನು ಹುಡುಕಿದರೆ ಒಳಗಿಲ್ಲ. ಬಾಗಿಲು ಹಾರುಹೊಡೆದಿತ್ತು. ಹೊರಗೆ ಮೆಟ್ಟಿಲ ಮೇಲೆ ಕೂತಿದ್ದಳು. ಎದುರಿಗೆ ಗೋಧಿ ತುಂಬಿದ ದೊಡ್ಡ ಪರಾತ, ಸುತ್ತ ನಾಲ್ಕನೇ ಮಹಡಿಯ ಹೆಂಗಸರು, ಮೊಣಕೈವರೆಗೆ ಎಣ್ಣೆ.

"ಅವ್ವಾ, ಗಾಡಿಗೆ ಹೊತ್ತಾತು."

ಅವ್ವ ತಲೆ ಎತ್ತಲಿಲ್ಲ. ಅಂಗೈಯಿಂದ ಅಂಗೈಗೆ ಗೋಧಿ ಉರುಳಿಸುತ್ತಿದ್ದಳು. "ಇವರ ಗೋಧಿ ಇವತ್ತ ಬಂದಾವ. ನಡಕ ಬಿಟ್ಟು ಹ್ಯಾಂಗ ಬರಲಿ?" ಎಂದಳು. ಸ್ವಲ್ಪ ಹೊತ್ತಿನ ಮೇಲೆ, "ನೀ ಹೋಗಿ ಬಾ. ಗಾಡ್ಯಾಗ ಕಿಡಕಿ ಕಡೆ ಕೂಡು" ಎಂದಳು. ಸ್ಟೇಶನ್ನಿಗೂ ಬರಲಿಲ್ಲ. ಎಣ್ಣೆಗೈಯಲ್ಲೇ ನನ್ನ ಕೆನ್ನೆ ಮುಟ್ಟಿದಳು.

ರೈಲಿನಲ್ಲಿ ನನ್ನ ಎದುರಿಗಿನ ಬರ್ತು ಖಾಲಿ. ಬರೋಡಾದಲ್ಲಿ ಹತ್ತಿದ ಹೆಂಗಸೊಬ್ಬರು ಹಿಂದಿಯಲ್ಲಿ ಇದು ಯಾರದು ಎಂದು ಕೇಳಿದರು.

"ನಮ್ಮ ತಾಯಿಯದು" ಎಂದೆ.

"ಅವರೆಲ್ಲಿ?"

"ಮನೆಯಲ್ಲಿದ್ದಾರೆ" ಎಂದು, ಅವರಿಗೆ ಕೂಡಲು ಜಾಗ ಬಿಟ್ಟುಕೊಟ್ಟೆ. ನನ್ನ ಕೆನ್ನೆಯ ಮೇಲೆ ಹರಳೆಣ್ಣೆಯ ವಾಸನೆ ಇನ್ನೂ ಇತ್ತು. ನಾನು ತೊಳೆದುಕೊಂಡಿರಲಿಲ್ಲ.